ಹುಡುಗ ವಿಜ್ಞಾನಿ ಅಲ್ಲ, ಟೆಕ್ನಿಷಿಯನ್. ಏನೀಗ?

ಬಳ್ಳಾರಿಯ ರಾಯಲ್ ಸರ್ಕಲ್ ಹತ್ತಿರ ಇವತ್ತು ಒಂದು ಫ್ಲೆಕ್ಸ್ ನೋಡಿದೆ. ನಮ್ಮೂರ ಹುಡುಗನ ಫೋಟೊ, ಹಿಂದೆ ಹಾರುವ ಕ್ಷಿಪಣಿ, ಪಕ್ಕದಲ್ಲಿ ಕಲಾಂ. ಕೆಳಗೆ 'ಡಿಆರ್‌ಡಿಒ ಯುವ ವಿಜ್ಞಾನಿಗೆ ಹಾರ್ದಿಕ ಅಭಿನಂದನೆಗಳು'. ಶುಭ ಕೋರಿದವರ ಮುಖಗಳೇ ಕ್ಷಿಪಣಿಗಿಂತ ದೊಡ್ಡವು, ಅದಿರಲಿ.

ಹುಡುಗ ನನ್ನ ಶಿಷ್ಯ. ಐಟಿಐ ಟರ್ನರ್, ಅಂದರೆ ಲೇತ್ ಮೇಲೆ ಲೋಹ ಕಡೆಯುವ ಕೆಲಸ ಕಲಿತವನು. ಆಯ್ಕೆಯಾಗಿರುವುದು ಟೆಕ್ನಿಷಿಯನ್-ಎ ಹುದ್ದೆಗೆ. ಫೋನ್ ಮಾಡಿದೆ. "ಸರ್, ನಾ ಬ್ಯಾಡ ಅಂದೆ. ಟೆಕ್ನಿಷಿಯನ್ ಅಂತ ಹಾಕ್ಸಿದ್ರೆ ಯಾರು ನೋಡ್ತಾರಲೇ ಅಂದ್ರು ನಮ್ಮ ಸೋದರಮಾವ" ಅಂದ.

ಯಾರು ನೋಡುತ್ತಾರೆ? ನಾನು ನೋಡುತ್ತಿದ್ದೆ ಮಾರಾಯ್ರೆ!

ಆ ಮಾವನವರಿಗೆ ಒಂದಿಷ್ಟು ಹೇಳಬೇಕಿದೆ. ಡಿಆರ್‌ಡಿಒ, ಅಂದರೆ ದೇಶದ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ, ಬರೀ ಬಿಳಿ ಕೋಟು ಹಾಕಿದವರ ಗುಂಪಲ್ಲ. 1958ರಲ್ಲಿ ಸೇನೆಯ ತಾಂತ್ರಿಕ ವಿಭಾಗಗಳನ್ನು ಮತ್ತು ರಕ್ಷಣಾ ವಿಜ್ಞಾನ ಸಂಸ್ಥೆಯನ್ನು ಸೇರಿಸಿ ಕಟ್ಟಿದ ಸಂಸ್ಥೆ ಅದು. ದೆಹಲಿಯಲ್ಲಿ ಕೂರುವ ಅಧ್ಯಕ್ಷರೇ ರಕ್ಷಣಾ ಸಂಶೋಧನಾ ಇಲಾಖೆಯ ಕಾರ್ಯದರ್ಶಿಯೂ ಹೌದು. ಅವರ ಕೆಳಗೆ ಮಹಾನಿರ್ದೇಶಕರು. ಕ್ಷಿಪಣಿಗೆ ಒಬ್ಬರು, ವಿಮಾನಕ್ಕೆ ಒಬ್ಬರು, ನೌಕಾಪಡೆಯ ಕೆಲಸಕ್ಕೆ ಒಬ್ಬರು, ಹೀಗೆ. ಅವರ ಕೆಳಗೆ ದೇಶದ ತುಂಬ ಹರಡಿದ ಲ್ಯಾಬುಗಳು, ಪ್ರತಿಯೊಂದಕ್ಕೂ ಒಬ್ಬ ನಿರ್ದೇಶಕ. ಬೆಂಗಳೂರಿನಲ್ಲಿ ರಡಾರಿಗೆ ಎಲ್‌ಆರ್‌ಡಿಇ, ಜೆಟ್ ಇಂಜಿನ್ನಿಗೆ ಜಿಟಿಆರ್‌ಇ. ಮೈಸೂರಿನಲ್ಲಿ ಸೈನಿಕರ ಊಟಕ್ಕೇ ಒಂದು ಲ್ಯಾಬಿದೆ, ಡಿಎಫ್‌ಆರ್‌ಎಲ್. ನಮ್ಮ ಪಕ್ಕದ ಚಳ್ಳಕೆರೆಯಲ್ಲಿ 2017ರಲ್ಲಿ ಶುರುವಾದ ಪರೀಕ್ಷಾ ವಲಯ ಡ್ರೋನ್ ಹಾರಿಸುವ ಜಾಗ.

ಈಗ ಜನರ ವಿಷಯಕ್ಕೆ ಬನ್ನಿ. ಇಲ್ಲಿ ಮೂರು ಬಗೆಯ ನೌಕರರಿದ್ದಾರೆ. ವಿಜ್ಞಾನಿಗಳದು ಡಿಆರ್‌ಡಿಎಸ್. ಆರ್‌ಎಸಿ ಎಂಬ ಮಂಡಳಿ ಗೇಟ್ ಅನ್ನುವ ಇಂಜಿನಿಯರಿಂಗ್ ಪರೀಕ್ಷೆಯ ಅಂಕ, ಸಂದರ್ಶನ ನೋಡಿ ಸೈಂಟಿಸ್ಟ್-ಬಿ ಹುದ್ದೆಗೆ ತೆಗೆದುಕೊಳ್ಳುತ್ತದೆ. ಅಲ್ಲಿಂದ ಸಿ, ಡಿ, ಇ ಅಂತ ಏರುತ್ತಾ ಹೋಗುತ್ತಾರೆ. ಎರಡನೆಯದು ತಾಂತ್ರಿಕ ವರ್ಗ, ಡಿಆರ್‌ಟಿಸಿ. ಇದರ ಪರೀಕ್ಷೆ ನಡೆಸುವುದು ಸೆಪ್ಟಾಮ್ ಅನ್ನುವ ಡಿಆರ್‌ಡಿಒದ್ದೇ ನೇಮಕಾತಿ ಕೇಂದ್ರ. ಡಿಪ್ಲೊಮಾ ಅಥವಾ ಬಿಎಸ್ಸಿ ಆದವರು ಸೀನಿಯರ್ ಟೆಕ್ನಿಕಲ್ ಅಸಿಸ್ಟೆಂಟ್, ಹತ್ತನೇ ಕ್ಲಾಸಿನ ಜೊತೆ ಐಟಿಐ ಮಾಡಿದವರು ಟೆಕ್ನಿಷಿಯನ್. ಮೂರನೆಯವರು ಆಡಳಿತದವರು: ಸ್ಟೋರ್ಸ್, ಲೆಕ್ಕಪತ್ರ, ಡ್ರೈವರ್, ಫೈರ್‌ಮ್ಯಾನ್. ವಿಜ್ಞಾನಿಗಳಿಗಿಂತ ಉಳಿದವರೇ ಎಷ್ಟೋ ಜಾಸ್ತಿ. ಆದರೆ ಫ್ಲೆಕ್ಸ್‌ಗೆ ಬೇಕಾದದ್ದು ಒಂದೇ ಜಾತಿ.

ಡ್ರಾಯಿಂಗಿನಲ್ಲಿ ಇಪ್ಪತ್ತು ಮೈಕ್ರಾನ್ ಟಾಲರೆನ್ಸ್, ಅಂದರೆ ಅಳತೆ ಮಿಲಿಮೀಟರಿನ ಐವತ್ತರಲ್ಲೊಂದು ಭಾಗಕ್ಕಿಂತ ಹೆಚ್ಚು ತಪ್ಪಬಾರದು ಅಂತ ಬರೆಯುವವರು ಒಬ್ಬರು. ಲೇತ್ ಮುಂದೆ ನಿಂತು ಅದನ್ನು ತಂದುಕೊಡುವವನು ಇನ್ನೊಬ್ಬ. ಫ್ಲೆಕ್ಸ್‌ನಲ್ಲಿರುವ ಕಲಾಂ ಅವರೇ ಡಿಆರ್‌ಡಿಒದ ಬೆಂಗಳೂರಿನ ಲ್ಯಾಬ್ ಎಡಿಇಯಲ್ಲಿದ್ದಾಗ ನಂದಿ ಅನ್ನುವ ಹೋವರ್‌ಕ್ರಾಫ್ಟ್, ಅಂದರೆ ಗಾಳಿಯ ಒತ್ತಡದ ಮೇಲೆ ತೇಲುವ ವಾಹನ ಮಾಡಿದವರು. ಅದು ಬರೀ ಕಾಗದದ ಮೇಲೆ ತೇಲಿತಾ? ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ತೋರಣಗಲ್ಲಿನ ಸ್ಟೀಲ್ ಪ್ಲಾಂಟ್, ಕುಡಿತಿನಿಯ ಥರ್ಮಲ್, ಎರಡರಲ್ಲೂ ಫಿಟ್ಟರ್ ಬರದಿದ್ದರೆ ಶಿಫ್ಟ್ ಏನಾಗುತ್ತದೆ ಅಂತ ಇಲ್ಲಿ ಅರ್ಧ ಊರಿಗೆ ಗೊತ್ತು.

"ಬಿಡ್ರಿ ಸರ್, ಅಭಿಮಾನಕ್ಕ ಹಾಕ್ಸ್ಯಾರ" ಅಂದ ಗೆಳೆಯನೊಬ್ಬ. ಅಭಿಮಾನ ಇದ್ದಿದ್ದರೆ ಹುಡುಗ ಗಳಿಸಿದ್ದನ್ನೇ ಹಾಕಿಸುತ್ತಿದ್ದರು. ಇದು ನಾಚಿಕೆ, ಅದನ್ನು ಮುಚ್ಚೋಕೆ ಕ್ಷಿಪಣಿ.

ಸಂಬಳದಲ್ಲಿ ಅಜಗಜಾಂತರ ಇದೆ, ಒಪ್ಪುತ್ತೇನೆ. ಏಳನೇ ವೇತನ ಆಯೋಗದ ಪ್ರಕಾರ ಸೈಂಟಿಸ್ಟ್-ಬಿಗೆ ಮೂಲ ವೇತನ 56,100 ರೂಪಾಯಿಯಿಂದ ಶುರು, ಟೆಕ್ನಿಷಿಯನ್-ಎಗೆ 19,900. ಓದು ಬೇರೆ, ಹೊಣೆ ಬೇರೆ, ಸಂಬಳವೂ ಬೇರೆ. ಅಷ್ಟಕ್ಕೆ ಹುದ್ದೆಯ ಹೆಸರನ್ನೇ ಬಚ್ಚಿಡಬೇಕಾ?

ನನಗೆ ಇಷ್ಟು ಉರಿಯಲು ಸ್ವಂತದ ಕಾರಣವೂ ಇದೆ. ಮದುವೆ ಊಟದಲ್ಲಿ ಪಕ್ಕದವರು "ಯಾವ ಕಾಲೇಜು ಸರ್?" ಅಂತ ಕೇಳುತ್ತಾರೆ. ಐಟಿಐ ಅಂದ ಕೂಡಲೇ ಅವರಿಗೆ ಸಾರು ಬೇಕಾಗಿ ಆ ಕಡೆ ತಿರುಗುತ್ತಾರೆ. ಇಡೀ ಸರ್ವಿಸ್ ಹೀಗೇ ಕಳೆಯಿತು. ಈ ಹುಡುಗನಾದರೂ ಹೆಸರು ಹೇಳಿಕೊಂಡು ತಿರುಗಲಿ ಅಂತಿತ್ತು. ಈಗ ಊರಿಗೆ ಬಂದಾಗಲೆಲ್ಲ "ಯಾವ ರಾಕೆಟ್ ಮಾಡಿದ್ಯೋ?" ಅನ್ನುವವರಿಗೆ ಅವನು ಸುಳ್ಳು ಹೇಳಬೇಕು, ಇಲ್ಲ ಮಾವನ ಮಾನ ತೆಗೆಯಬೇಕು.

ಐಟಿಐ ಮಾಡುತ್ತಿರುವ ಹುಡುಗರು, ಹುಡುಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಸೆಪ್ಟಾಮ್ ಅರ್ಜಿ ಕರೆಯುವುದನ್ನು ಗಮನಿಸುತ್ತಿರಿ. ಟ್ರೇಡ್ ಪ್ರಶ್ನೆಗಳ ಬಗ್ಗೆ ಕೇಳುವುದಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ, ಸಂಜೆ ಬಿಡುವಾಗಿರುತ್ತೇನೆ. ಗೇಟ್ ಬಗ್ಗೆ ಕೇಳಬೇಡಿ, ಅದು ನನಗೆ ಬರಲ್ಲ.