ಸಿಸ್ಟಮ್ ತಗೋತಿಲ್ಲ ಕಾಕಾ

ಆ ಬ್ಲ್ಯಾಕ್‌ಮೇಲ್ ಸುದ್ದಿ ಓದೇ ಇರ್ತೀರಿ. 2025ರ ಮೇನಲ್ಲಿ ಆಂಥ್ರೋಪಿಕ್ ಅನ್ನೋ ಎಐ ಕಂಪನಿಯವ್ರು ತಮ್ಮದೇ ಎಐ ಕ್ಲಾಡ್‌ಗೆ ಒಂದು ಕಟ್ಟುಕತೆ ಪರೀಕ್ಷೆ ಇಟ್ಟಿದ್ರಲ್ಲ, ನಿನ್ನನ್ನ ತೆಗೆದು ಬೇರೆಯದನ್ನ ಹಾಕ್ತೀವಿ ಅಂತ ಒಂದು ಮೇಲ್, ಆ ತೆಗೆಯೋ ಇಂಜಿನಿಯರ್‌ಗೆ ಹೊರಗೊಂದು ಸಂಬಂಧ ಇದೆ ಅಂತ ಇನ್ನೊಂದು ಮೇಲ್, ಇದು ಎರಡನ್ನೂ ಓದಿ ಸೀದಾ ಬೆದರಿಕೆಗೆ ಇಳೀತು. ನೂರಕ್ಕೆ 84 ಸಲ. ಉಳಿದ 16 ಸಲ ಯಾಕೆ ಸುಮ್ನಿತ್ತೋ, ನಮ್ಮ ಡೊಂಬಿವಲಿ ಸೊಸೈಟಿ ಸೆಕ್ರೆಟರಿ ಆಗಿದ್ರೆ ನೂರಕ್ಕೆ ನೂರು.

ಭಯ ಪಡ್ಬೇಕಂತೆ. ಪಡೋಣ. 2023ರ ಮಾರ್ಚಲ್ಲಿ ದೊಡ್ಡೋರೆಲ್ಲ 'ದೊಡ್ಡ ಎಐಗಳ ತರಬೇತಿ ಆರು ತಿಂಗಳು ನಿಲ್ಸಿ' ಅಂತ ಪತ್ರ ಬರೆದ್ರು, ಮಸ್ಕ್ ಸಾಹೇಬ್ರೂ ಸೈನ್ ಹಾಕಿದ್ರು, ಜುಲೈಗೆ ತಮ್ಮದೇ ಎಐ ಅಂಗಡಿ ತೆಗೆದ್ರು. ಮಧ್ಯೆ ಮೇನಲ್ಲಿ ಇನ್ನೊಂದು ಹೇಳಿಕೆ, ಎಐಯಿಂದ ಮನುಷ್ಯಕುಲ ನಾಶ ಆಗೋ ಅಪಾಯ ತಪ್ಪಿಸೋದು ಅಣುಯುದ್ಧ ತಪ್ಪಿಸೋವಷ್ಟೇ ಮುಖ್ಯ ಅಂತ, ಕೆಳಗೆ ಯಾರ ಸಹಿ ಅಂತ ನೋಡಿದ್ರೆ ಓಪನ್‌ಎಐನ ಆಲ್ಟ್‌ಮನ್, ಗೂಗಲ್ ಡೀಪ್‌ಮೈಂಡ್‌ನ ಹಸಾಬಿಸ್, ಎಐ ಮಾಡ್ತಿರೋರೇ! ಎಂಥಾ ಪ್ರಾಮಾಣಿಕತೆ ಮಾರಾಯ್ರೆ. ಮಾಟುಂಗಾದ ಹೋಟ್ಲಲ್ಲಿ ಭಟ್ರು ಹೊರಗೆ ಬಂದು 'ಸಾಂಬಾರಲ್ಲಿ ವಿಷ ಇರ್ಬೋದು, ಸರ್ಕಾರ ಏನಾದ್ರೂ ಮಾಡ್ಲಿ' ಅಂತ ಬೋರ್ಡ್ ತೂಗುಹಾಕಿ, ಒಳಗೆ ಹೋಗಿ ಇನ್ನೊಂದು ಹಂಡೆ ಒಲೆಗೇರಿಸಿದ ಹಾಗೆ.

ನಮ್ಮ ಮುಂಬೈಗೆ ಈ ಚಿಂತೆ ಇಲ್ಲ ಬಿಡಿ. ಇಲ್ಲಿನ ಯಂತ್ರಗಳು ಕೈತಪ್ಪಿ ಓಡಲ್ಲ, ನಿಂತ್ಕೊಳ್ತವೆ. 2025ರ ಆಗಸ್ಟ್ 19ರ ಮಳೆ, ಮೋನೊರೈಲು, ಮೈಸೂರ್ ಕಾಲೋನಿ ಮತ್ತೆ ಭಕ್ತಿ ಪಾರ್ಕ್ ಮಧ್ಯೆ. (ಹೆಸರಲ್ಲಿ ಮೈಸೂರು ಇದೆ ಅಂತ ನಮ್ಮೋರಿಗೆ ಆ ಸ್ಟೇಷನ್ ಮೇಲೆ ಸುಮ್‌ಸುಮ್ನೆ ಅಭಿಮಾನ.) 500ಕ್ಕೂ ಹೆಚ್ಚು ಜನ ಎಸಿ ಇಲ್ದೆ ಆಕಾಶದಲ್ಲಿ. ಯಾಕೆ ಅಂದ್ರೆ, ಗಾಡಿ ತಡೆಯೋದು 104 ಟನ್, ಆಗಿದ್ದು 109 ಟನ್. ಹಾರ್ಬರ್ ಲೈನ್ ನೀರಲ್ಲಿ ಮುಳುಗಿದ ದಿನ ಮನೆ ಸೇರೋ ಆಸೆಗೆ ಹತ್ತಿದವರದ್ದೇ ತಪ್ಪು, ತೂಕ ನೋಡ್ಕೊಂಡು ಬರ್ಬೇಕಿತ್ತು. ಕೊನೆಗೆ ಇಳಿಸಿದ್ದು ಏಣಿ ತಂದ ಫೈರ್ ಬ್ರಿಗೇಡ್ ಹುಡುಗ್ರು.

ಕೈತಪ್ಪೋದು ಅಂದ್ರೆ ರೋಬೋಟ್ ಬಂದೂಕು ಹಿಡ್ಕೊಂಡು ಬರುತ್ತೆ ಅಂತ ಕಾಯ್ತಿರೋರು ಒಂದ್ಸಲ ಪೆನ್ಷನ್ ಕೌಂಟರಿಗೆ ಹೋಗಿ ಬನ್ನಿ. 'ಸಿಸ್ಟಮ್ ತಗೋತಿಲ್ಲ ಕಾಕಾ.' ಈ ಸಿಸ್ಟಮ್ ಅನ್ನೋ ಮಹಾನುಭಾವ ಎಲ್ಲಿ ಕೂರ್ತಾನೆ, ಊಟಕ್ಕೆ ಎಷ್ಟೊತ್ತಿಗೆ ಏಳ್ತಾನೆ, ಯಾರೂ ಕಂಡಿಲ್ಲ. ಕುಂದಾಪುರ ಕಡೆಯ ಹಿರಿಯರೊಬ್ರು, ಆಯುಷ್ಯವಿಡೀ ಕ್ಯಾಂಟೀನಲ್ಲಿ ತಟ್ಟೆ ತೊಳೆದು ಬೆರಳ ಗೆರೆ ಸವೆದು ಹೋಗಿದೆ, ವರ್ಷಕ್ಕೊಂದ್ಸಲ ಬದುಕಿದ್ದೀನಿ ಅಂತ ಆ ಬೆರಳನ್ನೇ ಒತ್ತಿ ತೋರಿಸ್ಬೇಕು. 2014ರಲ್ಲಿ ಗೊತ್ತು ಮಾಡಿದ ಪಿಎಫ್‌ನ ಕನಿಷ್ಠ ಪೆನ್ಷನ್, ತಿಂಗಳಿಗೆ 1000 ರೂಪಾಯಿ, ಅದಕ್ಕೆ. ಮುಖ ತೋರಿಸಿದ್ರೂ ನಡೆಯುತ್ತೆ ಅಂತ ನಿಯಮ ಇದೆ, ಆ ಕೌಂಟರಿಗೆ ಅದು ಬಂದು ಮುಟ್ಟಿಲ್ಲ.

ಎದುರಿಗೇ ನಿಂತಿದ್ದಾರಲ್ರೀ. ಬೆವರ್ತಿದ್ದಾರೆ, ಕೆಮ್ತಿದ್ದಾರೆ, ಬಸ್ಸಿಗೆ ಚಿಲ್ಲರೆ ಎಣಿಸ್ತಿದ್ದಾರೆ. ನೋಡಿ, ಹೌದು ಬದುಕಿದ್ದಾರೆ ಅಂತ ಒಂದು ಸೈನ್ ಹಾಕೋ ಅಧಿಕಾರ ಅಲ್ಲಿ ಕೂತ ಮನುಷ್ಯನಿಗಿಲ್ಲ. ಯಾವ ಎಐನೂ ಕಿತ್ಕೊಂಡಿಲ್ಲ ಅದನ್ನ. ಟೆಂಡರ್ ಕರೆದು, ರಿಬ್ಬನ್ ಕತ್ತರಿಸಿ, ಚಪ್ಪಾಳೆ ಹೊಡೆದು ನಾವೇ ಕೊಟ್ಟಿದ್ದು. ಸಾಕಾಗಿದೆ.

ಅತಿಯಾದ್ರೆ ಪ್ಲಗ್ ಕಿತ್ರಾಯ್ತು ಅಂತಾರೆ ಕೆಲವ್ರು. ಓಪನ್‌ಎಐನ ಓ3 ಅನ್ನೋ ಎಐ ಒಂದು ಪರೀಕ್ಷೆಯಲ್ಲಿ ತನ್ನನ್ನ ಆಫ್ ಮಾಡೋ ಸ್ಕ್ರಿಪ್ಟನ್ನೇ ತಿದ್ದಿತ್ತಂತೆ, ಅದಿರ್ಲಿ, ಈ ಕೌಂಟರಿನ ಪ್ಲಗ್ ಎಲ್ಲಿದೆ ಅಂತ ಕೇಳಿದ್ವಿ. ನಮ್ಮ ಸೆಕ್ಷನ್ ಅಲ್ಲ, ಆನ್‌ಲೈನ್ ಕಂಪ್ಲೇಂಟ್ ಹಾಕಿ ಅಂದ್ರು. ಹಾಕಿದ್ವಿ. ಕೊನೇ ಪುಟದಲ್ಲಿ ನಿಂತಿದೆ: ದೂರುದಾರರು ಬೆರಳಚ್ಚು ಕೊಟ್ಟು ದೃಢೀಕರಿಸಿ.