ಪಿಟೀಲು ಕಲಿಸುತ್ತಿದ್ದೇವೆ, ಪಕ್ಕವಾದ್ಯ ಕಲಿಸುತ್ತಿಲ್ಲ

ಸಂಗೀತ ಪರೀಕ್ಷೆಗಳಲ್ಲಿ ಜೂನಿಯರ್ ಮುಗಿಸಿ, ಸೀನಿಯರ್ ಮುಗಿಸಿ, ವಿದ್ವತ್ ಕೂಡ ಪಾಸಾದ ಎಷ್ಟೋ ಮಕ್ಕಳು ಪಕ್ಕವಾದ್ಯಕ್ಕೆಂದು, ಅಂದರೆ ಹಾಡಿಗೆ ಜೊತೆಯಾಗಿ ನುಡಿಸಲೆಂದು, ಗಾಯಕರ ಎಡಗಡೆ ಕೂತ ಹತ್ತೇ ನಿಮಿಷಕ್ಕೆ ಕಂಗಾಲಾಗುತ್ತಾರೆ. ಕೈಯಲ್ಲಿ ವರ್ಣ ಮೂರು ಕಾಲದಲ್ಲಿ ಓಡುತ್ತದೆ, ಐವತ್ತು ಕೃತಿ ಪಾಠವಾಗಿರುತ್ತದೆ. ಆದರೂ ಕಛೇರಿ ಕೈಗೆ ಹತ್ತುವುದಿಲ್ಲ. ತಪ್ಪು ಮಕ್ಕಳದ್ದಲ್ಲ, ಪಾಠದ್ದು.

ಕರ್ನಾಟಕ ಸಂಗೀತದಲ್ಲಿ ಪಿಟೀಲನ್ನೇ ವೃತ್ತಿ ಮಾಡಿಕೊಂಡವರಿಗೆ ಸಿಗುವ ವೇದಿಕೆಗಳಲ್ಲಿ ಹೆಚ್ಚಿನವು ಪಕ್ಕವಾದ್ಯದವೇ. ತನಿ ಕಛೇರಿ, ಅಂದರೆ ಪಿಟೀಲೇ ಮುಖ್ಯವಾದ ಕಛೇರಿ, ವರ್ಷಕ್ಕೆ ಕೆಲವು ಸಿಕ್ಕರೆ ಅದೃಷ್ಟ. ರಾಮನವಮಿ, ಗಣೇಶೋತ್ಸವ, ಡಿಸೆಂಬರಿನ ಸಂಗೀತೋತ್ಸವ ಬಿಟ್ಟರೆ ಉಳಿದ ತಿಂಗಳು ಮನೆ ನಡೆಸುವುದು ಪಾಠ. ಹೀಗಿರುವಾಗ ನಾವು ಪಾಠದಲ್ಲಿ ಕೊಡುವುದು ಮಾತ್ರ ಒಬ್ಬರೇ ಕೂತು ನುಡಿಸುವ ತಯಾರಿ.

ಒಂದು ಕ್ಷಣವನ್ನು ಹತ್ತಿರದಿಂದ ನೋಡಿ. ಗಾಯಕರು ತೋಡಿ ರಾಗದ ಆಲಾಪನೆಯಲ್ಲಿ (ತಾಳವಿಲ್ಲದೆ ರಾಗವನ್ನು ಬಿಡಿಸಿ ಹಾಡುವ ಭಾಗ) ಮೇಲೇರುತ್ತಾ ಧೈವತದಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಆ ಅರ್ಧ ಸೆಕೆಂಡು ಪಿಟೀಲಿನದು. ಅಲ್ಲಿ ಮಾಡಬೇಕಾದ್ದು ಇಷ್ಟೆ: ಅವರು ಬಿಟ್ಟ ಧೈವತವನ್ನೇ ಕಮಾನಿನ ಒತ್ತಡ ಇಳಿಸಿ ಹಿಡಿದಿರುವುದು. ಹುರುಪಿನಲ್ಲಿ ಅದರ ಮೇಲಿನ ನಿಷಾದ ಮುಟ್ಟಿಬಿಟ್ಟರೆ ಅವರು ಮುಂದೆ ಹಾಡಬೇಕೆಂದಿದ್ದ ಸಂಚಾರವನ್ನು, ಅಂದರೆ ಸ್ವರಗಳ ಓಡಾಟವನ್ನು, ನಾವೇ ಕಿತ್ತುಕೊಂಡಂತೆ. ನಮ್ಮ ಸರದಿ ಬಂದಾಗಲೂ ಅವರು ಹನ್ನೆರಡು ನಿಮಿಷ ಹಾಡಿದ್ದರೆ ಆರೇಳು ನಿಮಿಷದಲ್ಲಿ ರಾಗದ ಚಿತ್ರ ಮುಗಿಸಬೇಕು.

ಇದಕ್ಕೆ ಅಭ್ಯಾಸವಿದೆ. ಪರಿಚಯದ ರಾಗದ ಕಛೇರಿ ಧ್ವನಿಮುದ್ರಣ ಹಾಕಿ, ಗಾಯನದ ಹಿಂದೆ ಕೂದಲೆಳೆಯಷ್ಟು ತಡವಾಗಿ ನೆರಳಿನಂತೆ ನುಡಿಸಿ. ಮೊದಲ ತಿಂಗಳು ಪ್ರತಿ ಸಂಚಾರದ ಕೊನೆಯ ಸ್ವರ ಮಾತ್ರ ಹಿಡಿದರೆ ಸಾಕು. ಎರಡನೆಯ ತಿಂಗಳು ಕೊನೆಯ ನಾಲ್ಕು ಸ್ವರ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಿದರೆ ಎಲ್ಲೆಲ್ಲಿ ಮುಂದೆ ಓಡಿದ್ದೇವೆ ಅನ್ನುವುದು ತಕ್ಷಣ ಗೊತ್ತಾಗುತ್ತದೆ.

ಇನ್ನು ಪಾಠಾಂತರ, ಅಂದರೆ ಒಂದೇ ಕೃತಿಗೆ ಒಬ್ಬೊಬ್ಬ ಗುರುಗಳ ಪಾಠದಲ್ಲಿ ಇರುವ ಬೇರೆ ಬೇರೆ ರೂಪ. ನಿಮ್ಮ ಗುರುಗಳ ಪಾಠದಲ್ಲಿ ಪಲ್ಲವಿಗೆ ಆರು ಸಂಗತಿ (ಒಂದೇ ಸಾಲನ್ನು ಬದಲಿಸಿ ಬದಲಿಸಿ ಹಾಡುವ ಬಗೆಗಳು), ಗಾಯಕರದ್ದು ನಾಲ್ಕೇ ಇರಬಹುದು. ಕೈ ಅಭ್ಯಾಸಬಲದಿಂದ ಐದನೆಯದಕ್ಕೆ ಹೋಗುತ್ತದೆ, ಗಾಯಕರು ಅನುಪಲ್ಲವಿ ಎತ್ತಿರುತ್ತಾರೆ. ಮುಖ್ಯ ಕೃತಿಗಳನ್ನಾದರೂ ಎರಡು ಮೂರು ಪಾಠಾಂತರದಲ್ಲಿ ಕೇಳಿಸಿ, ಬಾಯಲ್ಲಿ ಹಾಡಿಸಿ, ಆಮೇಲೆ ಕಮಾನು ಹಿಡಿಸಬೇಕು. ಸಾಹಿತ್ಯ ಗೊತ್ತಿಲ್ಲದವರ ಕಮಾನು ಪದವನ್ನು ನಡುವೆ ಕತ್ತರಿಸುತ್ತದೆ. ಪಿಟೀಲು ಚೌಡಯ್ಯನವರು ಕಲಿತದ್ದು ಗಾಯಕರಾದ ಬಿಡಾರಂ ಕೃಷ್ಣಪ್ಪನವರ ಬಳಿ ಅನ್ನುವುದನ್ನು ಪಿಟೀಲು ಮೇಷ್ಟರುಗಳೆಲ್ಲ ನೆನಪಿಡಬೇಕು.

ಕಲ್ಪನಾಸ್ವರದಲ್ಲಿ, ಅಂದರೆ ತಾಳಕ್ಕೆ ಸರಿಯಾಗಿ ಸ್ಥಳದಲ್ಲೇ ಸ್ವರ ಕಟ್ಟುವಲ್ಲಿ, ಲೆಕ್ಕ ಕೈಕೊಡುವುದೇ ಹೆಚ್ಚು. ಆದಿತಾಳದ ಒಂದು ಆವರ್ತ ಮಧ್ಯಮಕಾಲದಲ್ಲಿ 32 ಮಾತ್ರೆ. ಗಾಯಕರು ಏಳೇಳು ಸ್ವರದ ಮೂರು ಗುಂಪು, ನಡುವೆ ಎರಡೆರಡು ಮಾತ್ರೆಯ ಕಾರ್ವೆ (ನಿಲುಗಡೆ) ಇಟ್ಟು ಮುಗಿಸಿದರು ಅನ್ನಿ. 7+2+7+2+7, ಒಟ್ಟು 25. ಎತ್ತುಗಡೆ, ಅಂದರೆ ಹಾಡಿನ ಸಾಲು ಶುರುವಾಗುವ ಜಾಗ, ಸಮದಲ್ಲಿದ್ದರೆ (ತಾಳದ ಮೊದಲ ಪೆಟ್ಟಿನಲ್ಲಿ) ಮುಕ್ತಾಯವನ್ನು ಎಂಟನೆಯ ಮಾತ್ರೆಯಲ್ಲಿ ಶುರುಮಾಡಬೇಕು. ಇದನ್ನು ಪಿಟೀಲು ಕೆಳಗಿಟ್ಟು, ತಾಳ ಹಾಕುತ್ತಾ ಬಾಯಲ್ಲಿ ಹೇಳಿಸಿ. ಬಾಯಿಗೆ ಬಾರದ್ದು ವೇದಿಕೆಯಲ್ಲಿ ಕೈಗೆ ಬರುವುದಿಲ್ಲ.

ಶ್ರುತಿಯ ಕಷ್ಟ ಬೇರೆಯೇ. ಇವತ್ತು ಒಂದು ಮನೆ ಶ್ರುತಿಯ ಗಾಯಕರು, ನಾಳೆ ಐದೂವರೆ ಮನೆಯ ಗಾಯಕಿ (ಮನೆ ಅಂದರೆ ಶ್ರುತಿಯ ಎತ್ತರದ ಅಳತೆ, ಸಂಖ್ಯೆ ಏರಿದಷ್ಟೂ ಶ್ರುತಿ ಎತ್ತರ). ಸ-ಪ-ಸ-ಪ ಕೂಡಿಸುವ ನಮ್ಮ ಪದ್ಧತಿಯಲ್ಲಿ ಮಾಮೂಲಿ ತಂತಿಯನ್ನು ಒಂದು ಮನೆಗೆ ಇಳಿಸಿದರೆ ಜೋಲು ಬೀಳುತ್ತದೆ, ಮಂದ್ರ, ಅಂದರೆ ಕೆಳಗಿನ ಸ್ಥಾಯಿ, ಗೊರಗೊರ ಅನ್ನುತ್ತದೆ. ಕೆಳ ಶ್ರುತಿಗೆ ಹಾಕಿದ ದಪ್ಪ ತಂತಿಯನ್ನು ಐದೂವರೆಗೆ ಏರಿಸಲು ಹೋದರೆ ಕಿತ್ತುಹೋಗಬಹುದು. ಆದ್ದರಿಂದ ವೃತ್ತಿಗೆ ಇಳಿಯುವವರಿಗೆ ಎರಡು ಪಿಟೀಲು ಬೇಕೇ ಬೇಕು. ತಂತಿಯನ್ನು ಕಛೇರಿಯ ದಿನ ಬದಲಾಯಿಸಬೇಡಿ, ಹೊಸ ತಂತಿ ಹಿಗ್ಗಿ ನಿಲ್ಲಲು ಎರಡು ಮೂರು ದಿನವಾದರೂ ಬೇಕು. ಪದೇ ಪದೇ ಬಿರಡೆ ತಿರುಗಿಸಿದರೆ ಕುದುರೆ (ತಂತಿಗಳನ್ನು ಎತ್ತಿ ಹಿಡಿದಿರುವ ಮರದ ತುಂಡು) ಬೆರಳಹಲಗೆಯ ಕಡೆಗೆ ವಾಲುತ್ತದೆ. ನೆಟ್ಟಗೆ ಮಾಡಿಕೊಳ್ಳದಿದ್ದರೆ ಒಂದು ದಿನ ಧಡ್ ಎಂದು ಬೀಳುತ್ತದೆ.

ಆನ್‌ಲೈನ್ ಪಾಠದ ಬಗ್ಗೆ ಒಂದು ಮಾತು, ಹೊರದೇಶದ ಕನ್ನಡದ ಮಕ್ಕಳು ಬಹಳ ಜನ ಹೀಗೇ ಕಲಿಯುತ್ತಿದ್ದಾರೆ. ಜೂಮ್ ನೀಳವಾದ ಕಮಾನಿನ ನಾದವನ್ನು ಗದ್ದಲ ಎಂದುಕೊಂಡು ನುಂಗಿಹಾಕುತ್ತದೆ. ಎರಡೂ ಕಡೆ 'ಒರಿಜಿನಲ್ ಸೌಂಡ್' ಆನ್ ಮಾಡಲೇಬೇಕು. ಕ್ಯಾಮೆರಾ ಮುಖಕ್ಕೆ ಬೇಡ, ಕಮಾನು ತಂತಿ ಮುಟ್ಟುವ ಜಾಗ ಮತ್ತು ಎಡಗೈ ಕಾಣುವಂತೆ ಪಕ್ಕದಲ್ಲಿ ಇಡಿ. ಆದರೆ ಶಬ್ದ ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ನುಡಿಸಲಾಗದು, ಅಂದರೆ ಪಕ್ಕವಾದ್ಯದ ಮೂಲಪಾಠವೇ ಅಲ್ಲಿ ಸಾಧ್ಯವಿಲ್ಲ. ಆ ಮಕ್ಕಳನ್ನು ಅವರ ಊರಿನಲ್ಲೇ ಹಾಡು ಕಲಿಯುವ ಒಬ್ಬ ವಿದ್ಯಾರ್ಥಿಯ ಜೊತೆ ವಾರಕ್ಕೊಮ್ಮೆ ಕೂರಿಸಿ.

ಕಛೇರಿ ಏರ್ಪಡಿಸುವ ಸಂಗೀತ ಸಭೆಗಳವರಲ್ಲಿ ಒಂದು ಕೋರಿಕೆ. ಪಕ್ಕವಾದ್ಯದವರಿಗೆ ಗಾಯಕರ ಶ್ರುತಿಯನ್ನೂ, ರಾಗ-ತಾನ-ಪಲ್ಲವಿ ಇದ್ದರೆ ಅದರ ತಾಳವನ್ನೂ ಒಂದು ವಾರ ಮುಂಚೆ ತಿಳಿಸಿ. ಸಂಭಾವನೆಯನ್ನು ಕಛೇರಿ ಒಪ್ಪಿಸುವಾಗಲೇ ಹೇಳಿಬಿಡಿ, ಕೇಳುವ ಸಂಕೋಚ ಅವರಿಗೆ ಉಳಿಸಬೇಡಿ. ಮತ್ತೆ ಮೈಕ್ ಪರೀಕ್ಷೆಗೆ ಗಾಯಕರಿಗೆ ಕೊಟ್ಟ ನಂತರ ಪಿಟೀಲಿಗೂ ಐದು ನಿಮಿಷ ಬಿಡಿ, ಅದರ ಮಂದ್ರ ಹಿಂದಿನ ಸಾಲಿಗೆ ಕೇಳುತ್ತಿದೆಯೇ ಎಂದು ಯಾರಾದರೊಬ್ಬರು ನಡೆದು ಹೋಗಿ ಕೇಳಿ ಬರಲಿ.