ಬೆರಕೆ ಸೊಪ್ಪಿನ ಬೈಕು

ಮಳೆ ಬಿದ್ದ ಮಾರನೆಯ ವಾರ ಹೊಲದ ಬದುವಿಗೆ ಹೋದರೆ ಅಣ್ಣೆ, ಕನ್ನೆ, ಗಣಿಕೆ, ಹೊನಗೊನ್ನೆ ಎಲ್ಲ ಪುಕ್ಕಟೆ. ಬಗ್ಗಿ ಕಿತ್ತರೆ ಮಡಿಲು ತುಂಬುತ್ತದೆ. ಆದರೆ ಯಾವುದು ಹಿಡಿ, ಯಾವುದು ಚಿಟಿಕೆ ಅಂತ ಗೊತ್ತಿಲ್ಲದವರು ಬೇಯಿಸಿದ ಬೆರಕೆ ಸೊಪ್ಪಿನ ಸಾರನ್ನು ಮನೆಯ ಎಮ್ಮೆಯೂ ಮೂಸುವುದಿಲ್ಲ. ಗುಜರಿ ಸಾಮಾನಿನಲ್ಲಿ ಮಣ್ಣು ಕೆಸರಲ್ಲಿ ಓಡಿಸುವ ಟೂ ಸ್ಟ್ರೋಕ್ ಡರ್ಟ್ ಬೈಕ್ ಕಟ್ಟುವುದು ಇದೇ ಜಾತಿಯ ಅಡುಗೆ. ಇಂಜಿನ್ ಯಮಹಾದ್ದು, ಮುಂದಿನ ಫೋರ್ಕ್ ಹೀರೋದ್ದು, ಹಿಂದಿನ ಶಾಕ್ ಯಾವುದೋ ಬುಲೆಟ್‌ನದು, ಟ್ಯಾಂಕಿನ ಕುಲಗೋತ್ರ ಮಾರಿದವನಿಗೂ ಗೊತ್ತಿಲ್ಲ.

ಒಂದೊಂದು ಸಾಮಾನೂ ಅಗ್ಗವೇ. ತುಟ್ಟಿಯಾಗುವುದು ಸಾಮಾನಿಗೂ ಸಾಮಾನಿಗೂ ನಡುವಿನ ಜಾಗ. ಇಲ್ಲಿ ಎರಡು ಮಿಲಿಮೀಟರ್ ಸಂದು, ಅಲ್ಲಿ ಅರ್ಧ ಮಿಲಿಮೀಟರ್ ಬಿಗಿ, ಇನ್ನೊಂದು ಕಡೆ ಬೋಲ್ಟು ದಪ್ಪ ತೂತು ಸಣ್ಣ. ಈ ಸಂದುಗಳನ್ನೆಲ್ಲ ತುಂಬುವವನು ಲೋಹ ಕಡೆಯುವ ಲೇತ್‌ನವನು. ಬಜೆಟ್ ಬರೆಯುವವರು ಇಂಜಿನ್, ಚಾಸಿಸ್, ಚಕ್ರ ಅಂತ ಸಾಲಾಗಿ ಬರೆದು ಕೂಡಿಸುತ್ತಾರೆ, ಸಂದು ತುಂಬುವ ಲೋಹದ ಬಳೆಗಳಾದ ಬುಷ್ ಮತ್ತು ಸ್ಪೇಸರ್ ಬರೆಯುವುದನ್ನು ಮರೆಯುತ್ತಾರೆ. 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಅನ್ನುವ ಮಾತು ಬಸ್ಸಿನ ಸೀಟಿನಲ್ಲಿ ನಡೆಯುತ್ತದೆ, ಬೇರಿಂಗಿನ ಸೀಟಿನಲ್ಲಿ ನಡೆಯುವುದಿಲ್ಲ.

ಇಂಜಿನ್ ಆರಿಸುವಾಗ ಎಲ್ಲರ ಕಣ್ಣೂ ಯಮಹಾ ಆರ್‌ಎಕ್ಸ್ 100ರ ಮೇಲೆ. 1985ರಿಂದ 1996ರವರೆಗೆ ಬಂದ ಈ 98 ಸಿಸಿ ಇಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 50 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ, ಕೂಡ 50. ಹನ್ನೊಂದು ಕುದುರೆ, ಹಗುರ ಮೈ, ಒಳಬಂದ ಮಿಶ್ರಣ ಹಿಂದಕ್ಕೆ ಹೋಗದಂತೆ ತಡೆಯುವ ರೀಡ್ ವಾಲ್ವ್. ಕೊರತೆ ಒಂದೇ, ಈಗ ಅದರ ಹೆಸರಿಗೇ ಬೆಲೆ ಬಂದುಬಿಟ್ಟಿದೆ. ಕೆಸರಲ್ಲಿ ಹೊರಳಾಡಿಸಲು ಆರ್‌ಎಕ್ಸ್ 135ರ ಐದು ಗೇರಿನ ಇಂಜಿನ್ ಸಿಕ್ಕರೆ ಇನ್ನೂ ಒಳ್ಳೆಯದು. ಅದರ ಬೋರ್ 58, ಸ್ಟ್ರೋಕ್ ಅದೇ 50. 'ಸ್ಟ್ರೋಕ್ ಒಂದೇ ಅಲ್ವಾ, 135ರ ಸಿಲಿಂಡರನ್ನು 100ರ ಇಂಜಿನ್ ಮೇಲೆ ಕೂರಿಸಿದರಾಯ್ತು' ಅನ್ನುವವರು ಸಿಲಿಂಡರಿನ ಕೆಳಗಿನ ಪೆಟ್ಟಿಗೆ, ಕ್ರ್ಯಾಂಕ್‌ಕೇಸಿನ ಬಾಯಿ ಅಳೆದು ನೋಡಲಿ. ಐವತ್ತರ ಸಿಲಿಂಡರಿಗೆ ಕೊರೆದ ಬಾಯಲ್ಲಿ ಐವತ್ತೆಂಟರ ಕೆಳತುದಿ ಇಳಿಯುವುದಿಲ್ಲ. ಬಾಯಿ ಅಗಲಿಸಬೇಕು, ಪಿಸ್ಟನ್ ಪಿನ್ನಿನ ಅಳತೆ ನೋಡಬೇಕು. ಅಲ್ಲಿಗೆ ಮತ್ತೆ ಲೇತ್ ಅಂಗಡಿಯ ಬೆಂಚಿನ ಮೇಲೆ ಕೂತಂತಾಯಿತು.

ಸುಜುಕಿ ಮ್ಯಾಕ್ಸ್, ಸಮುರಾಯ್, ಟಿವಿಎಸ್ ಶೋಗನ್ ಇಂಜಿನ್ನುಗಳು ಕಡಿಮೆಗೆ ಸಿಗುತ್ತವೆ. ಕೊಳ್ಳುವ ಮೊದಲು ಪಿಸ್ಟನ್ ಕಿಟ್, ಕ್ಲಚ್ ಪ್ಲೇಟ್, ಕ್ರ್ಯಾಂಕ್ ಆಯಿಲ್ ಸೀಲ್ ಈ ಮೂರೂ ಊರಿನ ಅಂಗಡಿಯಲ್ಲಿ ಇವೆಯೇ ಅಂತ ಕೇಳಿಕೊಂಡು ಬರಬೇಕು. ಮೂರರಲ್ಲಿ ಎರಡಕ್ಕೆ 'ತರಿಸಿಕೊಡ್ತೀನಿ' ಅನ್ನುವ ಉತ್ತರ ಬಂದರೆ ಆ ಇಂಜಿನ್ ಅಗ್ಗವಲ್ಲ. ಮೈಸೂರಿನಲ್ಲಿ ಹುಟ್ಟಿದ ಯೆಜ್ಡಿಯ ಮೇಲೆ ಅಭಿಮಾನ ಇರಬೇಕಾದದ್ದೇ, ಆದರೆ ಅದರ 250 ಸಿಸಿ ಇಂಜಿನ್ನಿನ ತೂಕ ಹಾರುವ ಗಾಡಿಗಲ್ಲ. ಒದೆಯುವ ಕಿಕ್ಕೇ ಗೇರ್ ಲಿವರ್ ಕೂಡ ಆಗುವ ಅದರ ಜಾಣತನ ಟಾರ್ ರಸ್ತೆಗೆ ಚೆಂದ, ಬೂಟಿಗೆ ಎರಡು ಇಂಚು ಕೆಸರು ಮೆತ್ತಿದಾಗ ಅಲ್ಲ.

ಇಂಜಿನ್ನಿಗೆ ದುಡ್ಡು ಎಣಿಸುವ ಮೊದಲು ನಂಬರ್ ನೋಡಿ. ಪಂಚ್ ಮಾಡಿದ ಅಂಕಿಗಳ ಸುತ್ತ ಗ್ರೈಂಡರ್ ಗೀರು ಕಂಡರೆ, ಆರ್‌ಸಿ 'ಊರಲ್ಲಿದೆ' ಅಂದರೆ, ಚಹಾ ಕುಡಿದು ಎದ್ದು ಬನ್ನಿ. ಈ ಗಾಡಿಗಳು ಕಳುವಾಗುವುದು ಹೆಚ್ಚು. ಇನ್ನು ಕಟ್ಟಿದ ಬೈಕು ರಸ್ತೆಗಿಳಿಯುವ ಮಾತೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಅದರ ಮೇಲೆ 2019ರಲ್ಲಿ ಬಂದ ಸುಪ್ರೀಂ ಕೋರ್ಟಿನ ತೀರ್ಪು ಎರಡೂ ತಯಾರಕರು ಕೊಟ್ಟ ರೂಪ ಬದಲಿಸಬಾರದು ಅನ್ನುತ್ತವೆ. ಸ್ವಂತ ಜಮೀನು, ರೇಸಿನ ಟ್ರ್ಯಾಕ್, ಕೊಯ್ಲು ಮುಗಿದ ಗದ್ದೆ ಇಷ್ಟೇ ಇದರ ಸಾಮ್ರಾಜ್ಯ. ಅಲ್ಲಿಗೆ ಹೋಗುವುದೂ ಗೂಡ್ಸ್ ಆಟೋದ ಬೆನ್ನ ಮೇಲೆ.

ತಂದ ಇಂಜಿನ್ ಸ್ಟಾರ್ಟ್ ಆಯಿತು ಅಂತ ಕುಣಿಯಬಾರದು. ಟೂ ಸ್ಟ್ರೋಕಿನ ಕ್ರ್ಯಾಂಕ್‌ಕೇಸ್ ಅದರ ಶ್ವಾಸಕೋಶ. ಗಾಳಿ, ಪೆಟ್ರೋಲು, ಎಣ್ಣೆ ಮೂರೂ ಮೊದಲು ಅಲ್ಲಿಗೆ ಬಂದು ಆಮೇಲೆ ಮೇಲೇರುತ್ತವೆ. ಅದಕ್ಕೆ ಎರಡು ಕಡೆ ರಬ್ಬರಿನ ಆಯಿಲ್ ಸೀಲ್. ವರ್ಷಗಟ್ಟಲೆ ಗುಜರಿಯಲ್ಲಿ ಬಿದ್ದಿದ್ದರೆ ಅವು ಹಪ್ಪಳದಂತೆ ಗರಿಗರಿ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬಿಳಿ ಹೊಗೆ ಉಗುಳುತ್ತದೆ, ಎಣ್ಣೆಯ ಮಟ್ಟ ಇಳಿಯುತ್ತದೆ. ಅದು ಸಭ್ಯ ಕಾಯಿಲೆ, ಕಾಣುತ್ತದೆ. ಇನ್ನೊಂದು ಕಡೆ, ಕಿಡಿಗೆ ಕರೆಂಟು ಹುಟ್ಟಿಸುವ ಮ್ಯಾಗ್ನೆಟ್ ಕಡೆಯದು ಹೋದರೆ ಹೊಗೆಯಿಲ್ಲ, ವಾಸನೆಯಿಲ್ಲ. ಕಳ್ಳಗಾಳಿ ಒಳಗೆ ಬಂದು ಮಿಶ್ರಣ ತೆಳ್ಳಗಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಕಿರುಚುತ್ತಲೇ ಇರುತ್ತದೆ, ಆಮೇಲೊಂದು ದಿನ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ತಪ್ಪು ಕಾರ್ಬ್ಯುರೇಟರಿನದು ಅಂದುಕೊಂಡು ಅದರಲ್ಲಿ ಪೆಟ್ರೋಲು ಅಳೆದು ಬಿಡುವ ಜೆಟ್ ಬದಲಿಸುತ್ತಾ ಕೂತವರು ಮೂರು ಪಿಸ್ಟನ್ ತಿಂದಿರುತ್ತಾರೆ.

ಇದನ್ನು ಕಂಡುಹಿಡಿಯಲು ಮೆಡಿಕಲ್ ಸಲಕರಣೆಯೇ ಸಾಕು. ಬಿಪಿ ನೋಡುವ ಮುಳ್ಳಿನ ಗಡಿಯಾರ ಮತ್ತು ಅದರ ರಬ್ಬರ್ ಉಂಡೆ. ಸೈಲೆನ್ಸರ್ ಬಿಚ್ಚಿ, ಎಕ್ಸಾಸ್ಟ್ ಬಾಯಿಗೆ ಲಾರಿ ಟ್ಯೂಬಿನ ತುಂಡು, ಅದರ ಮೇಲೆ ತಗಡು ಇಟ್ಟು ನಟ್ಟು ಬಿಗಿಯಿರಿ. ಕಾರ್ಬ್ಯುರೇಟರ್ ತೆಗೆದು ಆ ಬಾಯಿಗೆ ರಬ್ಬರ್ ಬಿರಡೆ, ಬಿರಡೆಯ ನಡುವೆ ಉಂಡೆಗೂ ಗಡಿಯಾರಕ್ಕೂ ಸೇರುವ ಸಣ್ಣ ಪೈಪು. ಆಯಿಲ್ ಪಂಪಿನ ನಿಪ್ಪಲ್ ಇದ್ದರೆ ಅದನ್ನೂ ಮುಚ್ಚಿ. ಸ್ಪಾರ್ಕ್ ಪ್ಲಗ್ ಜಾಗದಲ್ಲೇ ಇರಲಿ. ಪಿಸ್ಟನ್ ಪೂರ್ತಿ ಕೆಳಗೆ ಬರುವಂತೆ ತಿರುಗಿಸಿಟ್ಟರೆ ಮೇಲಿನ ಕೋಣೆ, ಕೆಳಗಿನ ಕೋಣೆ ಒಂದಾಗುತ್ತವೆ. ಈಗ ಉಂಡೆ ಹಿಸುಕಿ ಮುಳ್ಳನ್ನು 300ಕ್ಕೆ ಏರಿಸಿ. ಅದು ಹತ್ತಿರಹತ್ತಿರ 6 ಪಿಎಸ್‌ಐ, ಅದಕ್ಕಿಂತ ಹೆಚ್ಚು ಊದಿದರೆ ಚೆನ್ನಾಗಿರುವ ಸೀಲೂ ಎದ್ದುಬರಬಹುದು. ನಿಮಿಷಕ್ಕೆ 50ಕ್ಕಿಂತ ಹೆಚ್ಚು ಇಳಿದರೆ ಸೋಪಿನ ನೀರು ಬಳಿಯುತ್ತಾ ಹೋಗಿ: ಹೆಡ್ಡಿನ ಸುತ್ತ, ಸಿಲಿಂಡರಿನ ಬುಡ, ರೀಡ್ ವಾಲ್ವಿನ ಗ್ಯಾಸ್ಕೆಟ್, ಕೊನೆಗೆ ಮ್ಯಾಗ್ನೆಟ್ಟನ್ನು ಪುಲ್ಲರ್ ಹಾಕಿ ತೆಗೆದು ಅದರ ಹಿಂದಿನ ಸೀಲ್. ಎಲ್ಲಿ ಮಕ್ಕಳ ಸೋಪಿನ ಗುಳ್ಳೆಯಂತೆ ಉಬ್ಬುತ್ತದೋ ಅಲ್ಲಿ ಕಳ್ಳ. ಸೀಲಿನ ಬೆಲೆ ಒಂದು ಊಟದ್ದು, ಅದು ಉಳಿಸುವುದು ಬೋರು, ಪಿಸ್ಟನ್ನು, ಕನೆಕ್ಟಿಂಗ್ ರಾಡು.

ಬೋರು ಸವೆದಿದ್ದರೆ 0.25, 0.50, 0.75, 1.00 ಹೀಗೆ ಮೇಲಿನ ಅಳತೆಯ ಪಿಸ್ಟನ್ ಸಿಗುತ್ತದೆ. ಮೊದಲು ಪಿಸ್ಟನ್ ಕೊಂಡು, ಅದನ್ನೇ ಬೋರಿನವನ ಕೈಗೆ ಕೊಟ್ಟು ಅದರ ಅಳತೆಗೆ ಕೊರೆಸಬೇಕು. ಉಲ್ಟಾ ಮಾಡಿದರೆ ಸಡಿಲ ಬಂದರೆ ಕಟಕಟ, ಬಿಗಿ ಬಂದರೆ ಪಿಸ್ಟನ್ ಕಚ್ಚಿಕೊಂಡು ಸೀಜ್. ಕೊರೆಸಿದ ಮೇಲೆ ಬೋರಿನ ಗೋಡೆಯಲ್ಲಿ ಮಿಶ್ರಣ, ಹೊಗೆ ಹಾಯುವ ಕಿಂಡಿಗಳಾದ ಪೋರ್ಟ್‌ಗಳ ಅಂಚು ಬ್ಲೇಡಿನಂತಾಗಿರುತ್ತದೆ. ಅದನ್ನು ಸಣ್ಣ ಅರದಿಂದ ಮೊಂಡು ಮಾಡದಿದ್ದರೆ ರಿಂಗ್ ಅಲ್ಲಿ ಸಿಕ್ಕಿ ಮುರಿಯುತ್ತದೆ.

ಚಾಸಿಸ್ಸಿನ ಕಡೆಗೆ ಬಂದರೆ ಎಲ್ಲರ ಆಸೆ ಎತ್ತರದ ಫೋರ್ಕ್. ಹೀರೋ ಎಕ್ಸ್‌ಪಲ್ಸ್ 200ರ 37 ಮಿ.ಮೀ. ಫೋರ್ಕು 190 ಮಿ.ಮೀ. ಆಡುತ್ತದೆ, ಚಕ್ರ 21 ಇಂಚಿನದು. ಅಪಘಾತದ ಗಾಡಿಯದು ಸಿಕ್ಕರೆ ಹಬ್ಬ. ಪೈಪನ್ನು ಗಾಜಿನ ಮೇಲೆ ಉರುಳಿಸಿ ನೋಡಿ, ಬಾಗಿದ್ದರೆ ಗಾಜಿನ ಕೆಳಗಿಂದ ಬೆಳಕು ಮಿಣಕುತ್ತದೆ. ಆರ್‌ಎಕ್ಸಿನ ತಲೆಕೊಳವೆಗೆ, ಅಂದರೆ ಚಾಸಿಸ್ಸಿನ ಮುಂದೆ ಹ್ಯಾಂಡಲ್ ತಿರುಗುವ ಕೊಳವೆಗೆ, ಹೀರೋ ಫೋರ್ಕಿನ ಕಾಂಡ ನೇರವಾಗಿ ಕೂರುತ್ತದೆ ಅಂತ ಕನಸು ಕಾಣಬೇಡಿ. ಆರ್‌ಎಕ್ಸಿನ ಹಳೆಯ ಕಾಂಡವನ್ನೇ ಒತ್ತಿ ತೆಗೆದು, ಲೇತ್‌ನಲ್ಲಿ ಸ್ಲೀವ್ ಮಾಡಿಸಿ, ಫೋರ್ಕಿನ ಎರಡು ಕಾಲು ಹಿಡಿಯುವ ಹೊಸ ಕೆಳಪಟ್ಟಿಗೆ ಪ್ರೆಸ್ ಹಾಕಿ ಕೂರಿಸುವುದು ಸರಿಯಾದ ದಾರಿ. ಕೈಯಲ್ಲಿ ತಳ್ಳಿದರೆ ಇಳಿಯುವ ಸ್ಲೀವಿಗೆ ಮೇಲೊಂದು ವೆಲ್ಡ್ ಎಳೆದು 'ಆಯ್ತು ಸಾರ್' ಅನ್ನುವವರ ಕೆಲಸದ ಮೇಲೆ ಕೂತು ಹಾರುವವರ ಧೈರ್ಯಕ್ಕೆ ನಮಸ್ಕಾರ.

ಮುಂದೆ ಎತ್ತರಿಸಿದರೆ ಗಾಡಿ ಹಿಂದಕ್ಕೆ ವಾಲುತ್ತದೆ. ಎರಡು ಚಕ್ರದ ನಡುವಿನ ದೂರ 1240 ಮಿ.ಮೀ. ಇರುವಲ್ಲಿ ಮುಂದೆ 22 ಮಿ.ಮೀ. ಏರಿಸಿದರೆ ಫೋರ್ಕಿನ ಇಳಿಜಾರು ಒಂದು ಡಿಗ್ರಿ ಹೆಚ್ಚುತ್ತದೆ. 90 ಏರಿಸಿದರೆ ನಾಲ್ಕು ಡಿಗ್ರಿ, ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದರೂ ಗಾಡಿ 'ಯೋಚನೆ ಮಾಡಿ ಹೇಳ್ತೀನಿ' ಅನ್ನುತ್ತದೆ. ಹಾಗಂತ ಹಿಂದೆಯೂ ಅಷ್ಟೇ ಎತ್ತಲು ಉದ್ದನೆಯ ಶಾಕ್ ಹಾಕಿದರೆ ಹಿಂಚಕ್ರ ಹಿಡಿದ ಸ್ವಿಂಗ್ ಆರ್ಮ್ ಕಡಿದಾಗಿ ಇಳಿದು ಚೈನು ಅದರ ಮೂತಿಯನ್ನೇ ಗರಗಸದಂತೆ ಕೊಯ್ಯುತ್ತದೆ. ಹಳಬರ ಉಪಾಯ ಶಾಕ್‌ಗಳನ್ನು ಮುಂದಕ್ಕೆ ಓರೆಯಾಗಿ ಮಲಗಿಸುವುದು. ಶಾಕು 70 ಮಿ.ಮೀ. ಕುಗ್ಗಿದಾಗ ಚಕ್ರ 100 ಏರುವಂತೆ ಮಲಗಿಸಿದರೆ ಆಟ ಹೆಚ್ಚಿತು ನಿಜ, ಆದರೆ ಸ್ಪ್ರಿಂಗಿನ ಬಿಗಿ ಚಕ್ರಕ್ಕೆ ತಲುಪುವಾಗ 0.7 ಗುಣಿಸು 0.7, ಅಂದರೆ ಅರ್ಧ. ಮೊದಲಿನ ಸ್ಪ್ರಿಂಗೇ ಇಟ್ಟರೆ ಹಾರಿ ಇಳಿದಾಗ ಮಡ್‌ಗಾರ್ಡು ಟೈರಿಗೆ ಮುತ್ತಿಡುತ್ತದೆ. ಬುಲೆಟ್ಟಿನ ಗಟ್ಟಿ ಶಾಕುಗಳಿಗೆ ಗಿರಾಕಿ ಇರುವುದು ಇದಕ್ಕೇ.

ತಲೆಕೊಳವೆಯ ಬುಡಕ್ಕೆ ಎರಡು ಮಿಲಿಮೀಟರ್ ತಗಡಿನ ತ್ರಿಕೋನ ಕೂರಿಸುವುದು ಒಳ್ಳೆಯದು. ವೆಲ್ಡ್ ಪೈಪಿಗೆ ಅಡ್ಡವಾಗಿ ಗೆರೆ ಎಳೆದಂತೆ ನಿಲ್ಲಬಾರದು, ಬಿರುಕು ಬಿಡುವುದು ಆ ಗೆರೆಯ ಪಕ್ಕದಲ್ಲೇ. ವೆಲ್ಡಿಂಗ್‌ಗೆ ಮುಂಚೆ ಪ್ಲಗ್ಗಿನ ಕಿಡಿಯ ಹೊತ್ತು ನೋಡಿಕೊಳ್ಳುವ ಸಿಡಿಐ ಪೆಟ್ಟಿಗೆಯನ್ನು ಬಿಚ್ಚಿಡಿ. ಸುಟ್ಟ ಮೇಲೆ ನೆನಪಾಗುವ ಮಾತಿದು.

ಬೇರೆ ಗಾಡಿಯ ಹಿಂಚಕ್ರ ಬಂದಾಗ ಮುಂದಿನ ಹಲ್ಲುಗಾಲಿ ಮತ್ತು ಹಿಂದಿನದು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಉದ್ದನೆಯ ನೇರ ಕಂಬಿಯನ್ನು ಹಿಂದಿನ ಸ್ಪ್ರಾಕೆಟ್ಟಿನ ಮುಖಕ್ಕೆ ಒರಗಿಸಿ ಮುಂದಿನದಕ್ಕೆ ಹಿಡಿದರೆ ವ್ಯತ್ಯಾಸ ಕಾಣುತ್ತದೆ. ಒಂದು ಮಿಲಿಮೀಟರ್ ಕ್ಷಮ್ಯ. ನಾಲ್ಕಿದ್ದರೆ ಚೈನು ಜಿಗಿದು ಕ್ರ್ಯಾಂಕ್‌ಕೇಸಿನ ಅಲ್ಯೂಮಿನಿಯಂ ಗೋಡೆಯನ್ನು ಒಡೆಯುತ್ತದೆ. ಸ್ಪೇಸರ್ ಹಾಕಿ ಚಕ್ರ ಸರಿಸಿದರೆ ಚಕ್ರವೇ ನಡುಗೆರೆ ಬಿಡುತ್ತದೆ, ಆದ್ದರಿಂದ ಸರಿಸಬೇಕಾದದ್ದು ಸ್ಪ್ರಾಕೆಟ್ಟನ್ನು. ಹಲ್ಲಿನ ಲೆಕ್ಕದಲ್ಲಿ ಮುಂದೆ 14, ಹಿಂದೆ 48 ಗದ್ದೆಗೆ ಹದವಾದ ಜೋಡಿ. ಹಿಂದಿನ 18 ಇಂಚಿನ ರಿಮ್ ಇರುವುದನ್ನೇ ಇಟ್ಟುಕೊಳ್ಳಿ, ಮಣ್ಣು ಕಚ್ಚುವ ಗಡ್ಡೆ ಟೈರು ಆ ಅಳತೆಗೆ ಸಿಗುತ್ತದೆ. ಟೈರನ್ನು ರಿಮ್ಮಿಗೆ ಅದುಮಿ ಹಿಡಿಯುವ ರಿಮ್ ಲಾಕ್ ಹಾಕದೆ ಗಾಳಿ 15 ಪಿಎಸ್‌ಐಗೆ ಇಳಿಸಿದರೆ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ಮೂತಿ ಕಿತ್ತುಬರುತ್ತದೆ.

ಸೈಲೆನ್ಸರ್ ಅನ್ನುವ ಹೆಸರೇ ಟೂ ಸ್ಟ್ರೋಕಿಗೆ ಮಾಡಿದ ಅವಮಾನ. ಆ ಹೊಟ್ಟೆ ದಪ್ಪ ಕೊಳವೆ ಸದ್ದು ಅಡಗಿಸುವುದಕ್ಕಿಂತ ಇಂಜಿನ್ನಿಗೆ ಉಸಿರು ತುಂಬುವ ವಾದ್ಯ. ಹೊರಬಿದ್ದ ಹೊಗೆಯ ಅಲೆ ಅಗಲವಾಗುವ ಕೋನ್‌ನಲ್ಲಿ ಎಳೆತವಾಗಿ ಮರಳಿ ಹೊಸ ಮಿಶ್ರಣವನ್ನು ಸೆಳೆಯುತ್ತದೆ. ಹೊಟ್ಟೆ ದಾಟಿ ಕಿರಿದಾಗುವ ಕೋನ್‌ಗೆ ಬಡಿದು ತಿರುಗಿದ ಅಲೆ, ಹೊರಗೆ ಸೋರಿದ ಮಿಶ್ರಣವನ್ನು ಪೋರ್ಟ್ ಮುಚ್ಚುವ ಮುಂಚೆ ಒಳಗೆ ತಳ್ಳುತ್ತದೆ. ಲೆಕ್ಕ ಹೀಗೆ: ನಿಮಿಷಕ್ಕೆ 8500 ಸುತ್ತಿನಲ್ಲಿ, ಎಕ್ಸಾಸ್ಟ್ ಪೋರ್ಟ್ 180 ಡಿಗ್ರಿ, ಅಂದರೆ ಅರ್ಧ ಸುತ್ತು, ತೆರೆದಿದ್ದರೆ, ಅಲೆಗೆ ಸಿಗುವ ಸಮಯ ಸೆಕೆಂಡಿನ ಸಾವಿರ ಪಾಲಿನಲ್ಲಿ ಮೂರೂವರೆ. ಬಿಸಿ ಹೊಗೆಯಲ್ಲಿ ಅದು ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತದೆ. ಹೋಗಿ ಬರುವ ದಾರಿ 1.8 ಮೀಟರ್, ಅಂದರೆ ಪಿಸ್ಟನ್ ಮುಖದಿಂದ ಹಿಂದಿನ ಕೋನ್‌ವರೆಗೆ 90 ಸೆಂ.ಮೀ. ಗಡಗಡ ಅನ್ನಲಿ ಅಂತ ಒಳಗಿನದನ್ನು ಕೊಯ್ದು ಬಿಸಾಡಿದ ಗಾಡಿಯ ಸದ್ದು ಊರಿಗೆಲ್ಲ ಕೇಳುತ್ತದೆ, ದಿಬ್ಬ ಮಾತ್ರ ಹತ್ತುವುದಿಲ್ಲ. ಹಳೇ ಸೈಲೆನ್ಸರನ್ನೇ ಹಬೆ ಬರುವಷ್ಟು ಬಿಸಿ ಕಾಸ್ಟಿಕ್ ಸೋಡಾ ನೀರಲ್ಲಿ ತೊಳೆದು ಒಳಗಿನ ಮಸಿ ಕರಗಿಸಿ, ಕಲ್ಲಿಗೆ ತಾಗದಂತೆ ಮೇಲಕ್ಕೆ ತಿರುಗಿಸಿ ಕಟ್ಟುವುದು ಬಡವರ ಟ್ಯೂನಿಂಗ್. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಮರೆಯಬೇಡಿ.

ಆಯಿಲ್ ಪಂಪನ್ನು ತೆಗೆದು ಪೆಟ್ರೋಲಿಗೇ 2ಟಿ ಎಣ್ಣೆ ಬೆರೆಸುವುದಾದರೆ 30ಕ್ಕೆ 1, ಅಂದರೆ ಲೀಟರಿಗೆ 33 ಮಿ.ಲೀ. 'ಭದ್ರತೆಗೆ ಇರಲಿ' ಅಂತ ಎಣ್ಣೆ ದುಪ್ಪಟ್ಟು ಸುರಿದರೆ ಜೆಟ್ಟಿನ ಅದೇ ತೂತಿನಲ್ಲಿ ಪೆಟ್ರೋಲಿನ ಪಾಲು ಇಳಿಯುತ್ತದೆ, ಮಿಶ್ರಣ ತೆಳ್ಳಗಾಗುತ್ತದೆ. ಈಗಿನ ಶೇ. 20 ಎಥೆನಾಲ್ ಪೆಟ್ರೋಲೂ ಅದೇ ದಿಕ್ಕಿಗೆ ಎಳೆಯುವುದರಿಂದ ಮೇನ್ ಜೆಟ್ ಒಂದೆರಡು ನಂಬರ್ ದೊಡ್ಡದಿರಲಿ. ಹಳೆಯ ರಬ್ಬರ್ ಪೈಪು ಅದರಲ್ಲಿ ಉಬ್ಬುತ್ತದೆ, ನೀರು ಹೀರಿಕೊಂಡ ಬೆರೆಸಿದ ಪೆಟ್ರೋಲು ತಿಂಗಳುಗಟ್ಟಲೆ ಕ್ಯಾನಿನಲ್ಲಿ ಕೊಳೆಯುತ್ತದೆ. ಪ್ಲಗ್ಗಿನ ಪಿಂಗಾಣಿ ಒಬ್ಬಟ್ಟಿನ ಬಣ್ಣಕ್ಕಿದ್ದರೆ ಸರಿ. ಸುಣ್ಣದ ಬಣ್ಣವಾದರೆ ಅಲ್ಲೇ ನಿಲ್ಲಿಸಿ. ಏರ್ ಫಿಲ್ಟರ್ ಫೋಮ್‌ಗೆ ಎಣ್ಣೆ ಹಿಂಡಿ ಹಾಕದೆ ಮಲೆನಾಡಿನ ಕೆಮ್ಮಣ್ಣಿನಲ್ಲಿ ಓಡಿಸಿದರೆ ಧೂಳು ನೇರ ಕನೆಕ್ಟಿಂಗ್ ರಾಡಿನ ಬುಡದ ಬಿಗ್ ಎಂಡ್ ಬೇರಿಂಗಿಗೆ ಹೋಗುತ್ತದೆ. ನಾಲ್ಕು ಸ್ಟ್ರೋಕಿನವರಿಗೆ ಇರುವ ಎಣ್ಣೆಯ ತೊಟ್ಟಿ ಇದಕ್ಕಿಲ್ಲ.

ವೈರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮ್ಯಾಗ್ನೆಟ್, ಸಿಡಿಐ, ಕಾಯಿಲ್, ಬಂದ್ ಮಾಡುವ ಒಂದು ಬಟನ್, ಗಟ್ಟಿಯಾದ ಅರ್ಥ್. ಒಂದು ಕಂಪನಿಯ ಮ್ಯಾಗ್ನೆಟ್ಟಿಗೆ ಇನ್ನೊಂದರ ಸಿಡಿಐ ಹಾಕಿದರೆ ಕಿಡಿ ಬರುತ್ತದೆ, ಬರಬೇಕಾದ ಹೊತ್ತಿಗೆ ಬರುವುದಿಲ್ಲ. ಈ ಜೋಡಿಯನ್ನು ಮಾತ್ರ ಬೆರಕೆ ಮಾಡಬೇಡಿ.

ಮೊದಲ ದಿನ ಅರ್ಧ ಆಕ್ಸಿಲರೇಟರಿನಲ್ಲಿ ಐದು ನಿಮಿಷ, ಆರಲು ಬಿಟ್ಟು ಮತ್ತೆ ಹತ್ತು ನಿಮಿಷ. ಪೂರ್ತಿ ತಣ್ಣಗಾದ ಮೇಲೆ ಹೆಡ್ಡಿನ ನಾಲ್ಕು ನಟ್ಟು ಅಡ್ಡಡ್ಡವಾಗಿ ಬಿಗಿದು ನೋಡಿ. ಎಲ್ಲ ನಟ್ಟು ಬೋಲ್ಟಿನ ಮೇಲೂ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದಿಡಿ, ನಟ್ಟಿನಿಂದ ಚಾಸಿಸ್ಸಿನವರೆಗೆ. ಸಂಜೆ ಮಣ್ಣು ಒರೆಸಿದಾಗ ಗೆರೆ ಎರಡು ತುಂಡಾಗಿ ಕಂಡರೆ ಆ ನಟ್ಟು ತಿರುಗಿದೆ. ಸಾಮಾನ್ಯವಾಗಿ ಮೊದಲು ತುಂಡಾಗುವುದು ಸೈಲೆನ್ಸರಿನ ಹಿಂದಿನ ಬ್ರಾಕೆಟ್ಟಿನದು, ಆಮೇಲೆ ಇಂಜಿನ್ನಿನ ಕೆಳಗಿನ ಮೌಂಟಿನದು.